ಸಪೋರ್ಟ್ ಕೆಲಸದ ನಾಲ್ಕು ವರ್ಷ, ಸಂದರ್ಶನದ ಒಂದು ಗಂಟೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ವಿಟಿಯು ಕಾಲೇಜಿನಲ್ಲಿ ಬಿ.ಇ. ನಾಲ್ಕು ವರ್ಷದಿಂದ ಬೆಂಗಳೂರಿನ ಸರ್ವಿಸ್ ಕಂಪನಿಯೊಂದರಲ್ಲಿ ಜಾವಾ, ಒರಾಕಲ್ ಸಪೋರ್ಟ್ ಪ್ರಾಜೆಕ್ಟ್‌ನಲ್ಲಿದ್ದೇನೆ, ಅಂದರೆ ಈಗಾಗಲೇ ಓಡುತ್ತಿರುವ ಸಾಫ್ಟ್‌ವೇರ್‌ನ ತೊಂದರೆ ಸರಿಪಡಿಸುವ ಕೆಲಸ. ತನ್ನದೇ ಸಾಫ್ಟ್‌ವೇರ್ ಕಟ್ಟುವ ಪ್ರಾಡಕ್ಟ್ ಕಂಪನಿಗೆ ಹೋಗಬೇಕೆಂದು ಒಂದು ವರ್ಷದಿಂದ ಲೀಟ್‌ಕೋಡ್ ಎಂಬ ವೆಬ್‌ಸೈಟ್‌ನಲ್ಲಿ ಕೋಡಿಂಗ್ ಪ್ರಾಬ್ಲಂ ಬಿಡಿಸುತ್ತಿದ್ದೇನೆ. ಮನೆಯಲ್ಲಿ ಕೂತರೆ ಬಿಡಿಸುತ್ತೇನೆ, ಯಾರಾದರೂ ನೋಡುತ್ತಾ ಕೂತರೆ ತಲೆ ಖಾಲಿಯಾಗುತ್ತದೆ. ಅಲ್ಲಿ ಕೇಳುವ ಟ್ರೀ, ಗ್ರಾಫ್‌ನಂಥ ಡೇಟಾ ಜೋಡಣೆಯ ಪ್ರಶ್ನೆ ಒಂದೂ ನನ್ನ ಕೆಲಸದಲ್ಲಿ ಬಂದಿಲ್ಲ. ಸಪೋರ್ಟ್ ಎಂದ ಕೂಡಲೇ ಎದುರಿನವರ ಆಸಕ್ತಿ ಹೋಗುತ್ತದೆ. ರೆಸ್ಯೂಮೆಯಲ್ಲಿ ಡೆವಲಪ್‌ಮೆಂಟ್ ಎಂದೇ ಬರೆದುಕೋ ಎನ್ನುತ್ತಾರೆ ಸ್ನೇಹಿತರು. ಈ ಸಂದರ್ಶನಗಳು ನಿಜಕ್ಕೂ ಏನನ್ನು ಅಳೆಯುತ್ತವೆ? ನಾನು ಏನು ಬದಲಾಯಿಸಿಕೊಳ್ಳಬೇಕು?

ಉತ್ತರ: ಇನ್ನೂ ಇನ್ನೂರು ಪ್ರಾಬ್ಲಂ ಬಿಡಿಸಿದರೆ ದಾರಿ ತೆರೆಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಬಳಿ ಇರುವ ಸರಕು ಸಂದರ್ಶನದ ಮೇಜಿಗೆ ಬರುತ್ತಲೇ ಇಲ್ಲ. ನಾಲ್ಕು ವರ್ಷ ಪ್ರೊಡಕ್ಷನ್ (ಗ್ರಾಹಕರು ನಿಜವಾಗಿ ಬಳಸುತ್ತಿರುವ ಸಿಸ್ಟಂ) ನೋಡಿಕೊಂಡವರು ಆ ನಾಲ್ಕೂ ವರ್ಷವನ್ನು ಒಂದು ವಾಕ್ಯದಲ್ಲಿ ಮುಗಿಸಿ, ಉಳಿದ ಹೊತ್ತೆಲ್ಲ ರೂಢಿಯಿಲ್ಲದ ವಿಷಯದಲ್ಲಿ ತಡಕಾಡುತ್ತಾರೆ. ಬೆಂಗಳೂರಿನಲ್ಲಿ ಬಹಳ ಕಾಲದಿಂದ ಸಾಫ್ಟ್‌ವೇರ್ ಬರೆಯುತ್ತ, ಸಂದರ್ಶನ ಕೊಡುತ್ತ, ತೆಗೆದುಕೊಳ್ಳುತ್ತ ಬಂದಿದ್ದೇನೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗಿದೆ.

ತಲೆ ಖಾಲಿಯಾಗುವ ಮಾತಿನಿಂದ ಶುರು ಮಾಡೋಣ, ಯಾಕೆಂದರೆ ಅದನ್ನು ನೀವು ನಿಮ್ಮ ದೌರ್ಬಲ್ಯ ಎಂದುಕೊಂಡಿದ್ದೀರಿ. ಅಮೆರಿಕದ ನಾರ್ತ್ ಕರೋಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 48 ಮಂದಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಸಂದರ್ಶಕರ ಎದುರು ವೈಟ್‌ಬೋರ್ಡ್ ಮೇಲೆ ಪ್ರಾಬ್ಲಂ ಬಿಡಿಸಿದರು. ಉಳಿದರ್ಧ ಜನರಿಗೆ ಅದೇ ಪ್ರಾಬ್ಲಂ, ಅದೇ ಬೋರ್ಡ್, ಆದರೆ ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ನೋಡುವವರಿದ್ದ ಗುಂಪಿನ ಸಾಧನೆ ಅರ್ಧಕ್ಕಿಂತ ಕಡಿಮೆಗೆ ಇಳಿದಿತ್ತು. ಎದುರಿಗೆ ಕೂತು ಬಿಡಿಸಿದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಪಾಸಾಗಲಿಲ್ಲ, ಒಂಟಿಯಾಗಿ ಬಿಡಿಸಿದ ಹೆಣ್ಣುಮಕ್ಕಳೆಲ್ಲ ಪಾಸಾದರು. ಅವರ ಸಂಖ್ಯೆ ಕಡಿಮೆಯಿದ್ದುದರಿಂದ ಅದನ್ನೇ ಕೊನೆಯ ಮಾತೆಂದು ಹಿಡಿಯಬೇಕಿಲ್ಲ. ಆದರೆ ನಿಮಗೆ ಆಗುತ್ತಿರುವುದು ಬುದ್ಧಿವಂತರಿಗೂ ಆಗುತ್ತದೆ ಎಂಬುದಕ್ಕೆ ಇಷ್ಟು ಸಾಕು. ಒಬ್ಬರೇ ಕೂತು ಬಿಡಿಸುವುದನ್ನು ಎಷ್ಟು ಅಭ್ಯಾಸ ಮಾಡಿದರೂ ಇನ್ನೊಬ್ಬರ ಎದುರು ಬಿಡಿಸುವುದು ತಾನಾಗಿ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಯಬೇಕು.

ಇನ್ನು ಇವು ಏನನ್ನು ಅಳೆಯುತ್ತವೆ ಎಂಬ ಪ್ರಶ್ನೆ. ಮ್ಯಾಕ್ ಬಳಸುವ ಡೆವಲಪರ್‌ಗಳಿಗೆಲ್ಲ ಗೊತ್ತಿರುವ ಹೋಮ್‌ಬ್ರೂ ಎಂಬ, ಬೇರೆ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿಕೊಡುವ ಉಪಕರಣವನ್ನು ಬರೆದ ಮ್ಯಾಕ್ಸ್ ಹಾವೆಲ್ 2015ರಲ್ಲಿ ಟ್ವಿಟರ್‌ನಲ್ಲಿ ಸಿಟ್ಟಿನಿಂದ ಬರೆದುಕೊಂಡಿದ್ದರು: ಗೂಗಲ್‌ನ ಬಹುಪಾಲು ಎಂಜಿನಿಯರ್‌ಗಳು ನಾನು ಬರೆದ ಸಾಫ್ಟ್‌ವೇರ್ ಬಳಸುತ್ತಾರೆ, ಆದರೆ ಬೋರ್ಡ್ ಮೇಲೆ ಬೈನರಿ ಟ್ರೀ ತಿರುಗಿಸಲು ಬರಲಿಲ್ಲವೆಂದು ನನ್ನನ್ನು ಕಳುಹಿಸಿದರು ಎಂದು. ಟ್ರೀ ತಿರುಗಿಸುವುದು, ಅಂದರೆ ಅದರ ಎಡ ಬಲ ಕೊಂಬೆಗಳನ್ನು ಅದಲುಬದಲು ಮಾಡುವುದು, ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವ ವಿಧಾನ) ಗೊತ್ತಿದ್ದವರಿಗೆ ನಾಲ್ಕೈದು ಸಾಲಿನ ಕೆಲಸ, ಅದನ್ನು ಕೇಳಿದ್ದರಲ್ಲಿ ಅನ್ಯಾಯವಿಲ್ಲ. ಆದರೆ ಲಕ್ಷಾಂತರ ಜನ ದಿನವೂ ಬಳಸುವ ಉಪಕರಣವನ್ನು ಕಟ್ಟುವ ಶಕ್ತಿಗೂ ಆ ನಾಲ್ಕೈದು ಸಾಲಿಗೂ ನಂಟು ಬಹಳ ತೆಳುವು. ಒಳ್ಳೆಯ ಎಂಜಿನಿಯರ್ ಆ ಜರಡಿಯಲ್ಲಿ ಬಿದ್ದುಹೋಗಬಹುದು ಎಂಬುದು ಕಂಪನಿಗಳಿಗೂ ಗೊತ್ತು.

ಗೊತ್ತಿದ್ದೂ ಯಾಕೆ ಬಿಡುವುದಿಲ್ಲ? ಒಂದು ಹುದ್ದೆಗೆ ನೂರಾರು ಅರ್ಜಿ ಬರುತ್ತವೆ, ಎಲ್ಲರನ್ನೂ ಒಂದೇ ಅಳತೆಯಲ್ಲಿ ಹೋಲಿಸುವ ಅಗ್ಗದ ದಾರಿ ಇದು. ತಪ್ಪು ವ್ಯಕ್ತಿಯನ್ನು ಸೇರಿಸಿಕೊಂಡರೆ ತಂಡ ತಿಂಗಳುಗಟ್ಟಲೆ ಅನುಭವಿಸುತ್ತದೆ, ಸರಿಯಾದ ವ್ಯಕ್ತಿಯನ್ನು ಬಿಟ್ಟರೆ ಕಂಪನಿಗೆ ಅದು ಗೊತ್ತೂ ಆಗುವುದಿಲ್ಲ. ಹಾಗಾಗಿ ಅನುಮಾನ ಬಂದರೆ ಬೇಡ ಎನ್ನುವ ಕಡೆಗೇ ಇಡೀ ಪದ್ಧತಿ ವಾಲಿರುತ್ತದೆ. ಆಯ್ಕೆ ಪದ್ಧತಿಗಳ ಬಗ್ಗೆ ಫ್ರಾಂಕ್ ಸ್ಮಿತ್ ಮತ್ತು ಜಾನ್ ಹಂಟರ್ 1998ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಮಾನದಂಡ ಇರುವ ಸಂದರ್ಶನಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಸಂಬಂಧ 0.51 ಎಂದು ಬಂದಿತ್ತು. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.38. ಪೂರ್ಣ ಹೊಂದಿಕೆಯಿದ್ದರೆ ಅದು 1 ಆಗಬೇಕು. 2022ರಲ್ಲಿ ಬೇರೆ ಸಂಶೋಧಕರು ಲೆಕ್ಕವನ್ನು ತಿದ್ದಿ ಮೊದಲನೆಯದನ್ನು 0.42ಕ್ಕೆ ಇಳಿಸಿದರು, ಹಾಗಿದ್ದೂ ಅವರ ಪಟ್ಟಿಯಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು. ಅಚ್ಚುಕಟ್ಟಾಗಿ ನಡೆಸಿದ ಸಂದರ್ಶನದ ಕಥೆಯೇ ಇಷ್ಟಾದರೆ, ಮೀಟಿಂಗ್‌ಗಳ ನಡುವೆ ರೆಸ್ಯೂಮೆ ಓದದೆ ಬಂದು ಕೂತವರ ತೀರ್ಮಾನಕ್ಕೆ ನೀವು ರಾತ್ರಿ ನಿದ್ದೆ ಕಳೆದುಕೊಳ್ಳಬೇಡಿ. ರಿಜೆಕ್ಟ್ ಆದದ್ದಕ್ಕೆ ಅರ್ಥ: ಆ ದಿನ, ಆ ಒಂದು ಗಂಟೆಯಲ್ಲಿ, ಅವರಿಗೆ ಹೌದು ಎನ್ನಲು ಬೇಕಾದಷ್ಟು ಸಿಗಲಿಲ್ಲ.

ಆ ಬೇಕಾದಷ್ಟು ಎಂದರೇನು? ಸಂದರ್ಶನ ಮುಗಿದ ಮೇಲೆ ನಾವು ಒಂದು ಫೀಡ್‌ಬ್ಯಾಕ್ ತುಂಬಬೇಕು. ಪ್ರಾಬ್ಲಂ ಅರ್ಥ ಮಾಡಿಕೊಂಡ ರೀತಿ, ಕೋಡ್, ತಾನೇ ಪರೀಕ್ಷಿಸಿದ್ದು, ಮಾತುಕತೆ, ಹೀಗೆ ನಾಲ್ಕೈದು ತಲೆಬರಹ ಇರುತ್ತದೆ. ಪ್ರತಿಯೊಂದರ ಕೆಳಗೂ ಸಾಕ್ಷಿ ಬರೆಯಬೇಕು. "ಚೆನ್ನಾಗಿದ್ದಾರೆ" ಎಂದು ಬರೆದರೆ ಸಾಲದು. "ಇನ್‌ಪುಟ್ ಖಾಲಿ ಇದ್ದರೆ ಏನು ಮಾಡಲಿ ಎಂದು ಅವರೇ ಕೇಳಿದರು", "ಮೊದಲ ವಿಧಾನ ಯಾಕೆ ನಿಧಾನ ಎಂದು ಅವರೇ ಹೇಳಿ ಎರಡನೆಯದಕ್ಕೆ ಹೋದರು" ಎಂಬಂಥ ವಾಕ್ಯಗಳು ಬೇಕು. ನೀವು ಇಪ್ಪತ್ತು ನಿಮಿಷ ಮೌನವಾಗಿ ಟೈಪ್ ಮಾಡಿ ಸರಿಯುತ್ತರ ಕೊಟ್ಟರೂ ನನ್ನ ಹಾಳೆಯಲ್ಲಿ ಬರೆಯಲು ಒಂದೇ ಸಾಲು ಸಿಗುತ್ತದೆ. ಉತ್ತರ ಅರ್ಧವೇ ಆದರೂ ಯೋಚನೆ ಕೇಳಿಸಿದ್ದರೆ ಹತ್ತು ಸಾಲು ಸಿಗುತ್ತದೆ, ಅಂಥವರಿಗಾಗಿ ನಾನು ಚರ್ಚೆಯಲ್ಲಿ ವಾದ ಮಾಡಬಲ್ಲೆ.

ಒಂದು ಪ್ರಶ್ನೆಯನ್ನೇ ಹಿಡಿದು ನೋಡೋಣ: "ಒಂದು ವೆಬ್ ಸರ್ವರ್‌ಗೆ ಬಂದವರೆಲ್ಲ ದಾಖಲಾಗುವ ಲಾಗ್ ಫೈಲ್ ಇದೆ, ಅದರಲ್ಲಿ ಅತಿ ಹೆಚ್ಚು ಸಲ ಬಂದ ಹತ್ತು ಐಪಿ ವಿಳಾಸ ಕೊಡಿ." ಹೆಚ್ಚಿನವರು ಪ್ರಶ್ನೆ ಮುಗಿಯುವಷ್ಟರಲ್ಲಿ ಟೈಪ್ ಮಾಡಲು ಶುರು ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ಫೈಲ್ ಎಷ್ಟು ದೊಡ್ಡದು, ಮೆಮೊರಿಗೆ ಹಿಡಿಸುತ್ತದೆಯೇ ಎಂದು ಕೇಳಿ. ಹತ್ತನೇ ಸ್ಥಾನಕ್ಕೆ ಎರಡು ವಿಳಾಸ ಸಮನಾದರೆ ಯಾವುದನ್ನು ಕೊಡಲಿ ಎಂದು ಕೇಳಿ. ಹಾಳಾದ ಸಾಲು ಬಂದರೆ ಬಿಟ್ಟುಬಿಡಲೇ ಎಂದು ಕೇಳಿ. ನಾಲ್ಕು ವರ್ಷ ಲಾಗ್ ನೋಡಿದ ನಿಮಗೆ ಹಾಳಾದ ಸಾಲು ಬಂದೇ ಬರುತ್ತದೆ ಎಂಬುದು ಕಾಲೇಜಿನಿಂದ ಬಂದವರಿಗಿಂತ ಚೆನ್ನಾಗಿ ಗೊತ್ತು. ಆಮೇಲೆ ಎಲ್ಲಕ್ಕಿಂತ ಸುಲಭದ ದಾರಿಯನ್ನು ಬಾಯಿಬಿಟ್ಟು ಹೇಳಿ: ಪ್ರತಿ ವಿಳಾಸದ ಎದುರು ಅದರ ಎಣಿಕೆ ಇಡುವ ಹ್ಯಾಶ್ ಮ್ಯಾಪ್‌ನಲ್ಲಿ ಎಣಿಸುತ್ತೇನೆ, ಎಣಿಕೆಯ ಪ್ರಕಾರ ಸಾರ್ಟ್ ಮಾಡುತ್ತೇನೆ, ಮೊದಲ ಹತ್ತು ತೆಗೆಯುತ್ತೇನೆ. ಅಲ್ಲಿಂದ ಮುಂದಕ್ಕೆ: ಹತ್ತು ಬೇಕೆಂದರೆ ಎಲ್ಲವನ್ನೂ ಸಾರ್ಟ್ ಮಾಡುವ ಅಗತ್ಯವಿಲ್ಲ, ಅತಿ ಸಣ್ಣದನ್ನು ಸದಾ ಮೇಲಿಡುವ, ಹತ್ತೇ ಸ್ಥಾನದ ಒಂದು ಮಿನ್ ಹೀಪ್ ಇಟ್ಟುಕೊಂಡು, ಹೊಸ ಎಣಿಕೆ ಅದರಲ್ಲಿನ ಅತಿ ಸಣ್ಣದಕ್ಕಿಂತ ದೊಡ್ಡದಿದ್ದರೆ ಮಾತ್ರ ಒಳಗೆ ಬಿಡುತ್ತೇನೆ. ಕೋಡ್ ಬರೆದ ಮೇಲೆ ಐದು ಸಾಲಿನ ಸಣ್ಣ ಲಾಗ್ ಒಂದನ್ನು ನೀವೇ ಮಾಡಿಕೊಂಡು, ಮ್ಯಾಪ್‌ನಲ್ಲಿ ಈಗ ಏನಿದೆ, ಹೀಪ್‌ನಲ್ಲಿ ಏನಿದೆ ಎಂದು ಬೆರಳಿಟ್ಟು ನಡೆಸಿ ತೋರಿಸಿ. ಸಂದರ್ಶಕರು ಆಗ "ಫೈಲ್ 200 ಜಿಬಿ ಇದ್ದರೆ?" ಎನ್ನುತ್ತಾರೆ. ಪ್ರತಿ ವಿಳಾಸದ ಹ್ಯಾಶ್ (ವಿಳಾಸದಿಂದ ಲೆಕ್ಕ ಹಾಕಿದ ಸಂಖ್ಯೆ) ತೆಗೆದು ಸಣ್ಣ ಸಣ್ಣ ಫೈಲ್‌ಗಳಿಗೆ ಹಂಚುತ್ತೇನೆ. ಒಂದು ವಿಳಾಸದ ಎಲ್ಲ ಸಾಲೂ ಒಂದೇ ಫೈಲಿಗೆ ಬೀಳುವುದರಿಂದ ಒಂದೊಂದನ್ನೇ ಎಣಿಸಿ, ಪ್ರತಿಯೊಂದರ ಮೊದಲ ಹತ್ತನ್ನು ಕೂಡಿಸಿ ನೋಡಿದರೆ ಸಾಕು ಎನ್ನಿ. ಪ್ರಶ್ನೆ ದೊಡ್ಡದಾದಷ್ಟೂ ನೀವು ಅದರ ಜೊತೆ ಹೆಜ್ಜೆ ಹಾಕಿದಿರಿ ಎಂಬುದು ಅವರ ಹಾಳೆಗೆ ಹೋಗುತ್ತದೆ.

ಇದನ್ನು ಅಭ್ಯಾಸ ಮಾಡುವ ಬಗೆ ಸರಳ. ಬಿಡಿಸಿದ ಪ್ರಾಬ್ಲಮ್ಮನ್ನೇ ಮತ್ತೆ ತೆಗೆದು, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಜೋರಾಗಿ ವಿವರಿಸುತ್ತಾ ಬಿಡಿಸಿ. ಮೊದಲು ಕನ್ನಡದಲ್ಲೇ ಮಾಡಿ. ಯೋಚನೆಯ ದಾರಿ ನೆಟ್ಟಗಾದ ಮೇಲೆ ಇಂಗ್ಲಿಷಿಗೆ ಬನ್ನಿ. ವಾರಕ್ಕೆ ಒಂದೆರಡು ಸಲ ಸಹೋದ್ಯೋಗಿಯನ್ನು ಎದುರಿಗೆ ಕೂರಿಸಿಕೊಳ್ಳಿ, ಅವರು ನಡುನಡುವೆ ತಡೆದು ಕೇಳಬೇಕು. ಕನ್ನಡ ಮಾಧ್ಯಮದವರು ಇಂಗ್ಲಿಷ್ ಬಗ್ಗೆ ಪಡುವ ಸಂಕೋಚ ನನಗೆ ಗೊತ್ತು. ಎದುರಿನವರು ನೋಡುವುದು ವ್ಯಾಕರಣವನ್ನಲ್ಲ. ವಾಕ್ಯ ಚಿಕ್ಕದಿರಲಿ, ಒಂದು ವಾಕ್ಯದಲ್ಲಿ ಒಂದೇ ವಿಷಯವಿರಲಿ. ತಲೆ ಖಾಲಿಯಾಯಿತೆನ್ನಿಸಿದಾಗ "ಒಂದು ನಿಮಿಷ ಯೋಚಿಸುತ್ತೇನೆ" ಎಂದು ಹೇಳಿ ಸುಮ್ಮನಾಗುವ ಹಕ್ಕು ನಿಮಗಿದೆ. ಹೇಳದೆ ಸುಮ್ಮನಾದರೆ ಮಾತ್ರ ತೊಂದರೆ.

ಯಾವ ವಿಷಯ ಓದಲಿ ಎಂದರೆ, ಕಡಿಮೆ ಓದಿ. ಅರೇ, ಸ್ಟ್ರಿಂಗ್, ಹ್ಯಾಶ್ ಮ್ಯಾಪ್, ಸ್ಟ್ಯಾಕ್, ಹೀಪ್, ಬೈನರಿ ಸರ್ಚ್, ಟ್ರೀ ಮತ್ತು ಗ್ರಾಫ್‌ನಲ್ಲಿ ಎರಡು ಬಗೆಯ ಓಡಾಟ (ಅಗಲಕ್ಕೆ, ಆಳಕ್ಕೆ). ಇಷ್ಟು ಕೈಗೆ ಹತ್ತುವವರೆಗೆ ಕಠಿಣವಾದ ಡೈನಾಮಿಕ್ ಪ್ರೋಗ್ರಾಮಿಂಗ್ ಕಡೆ ತಲೆ ಹಾಕಬೇಡಿ. ಮೂಲಪಾಠ ಸುಲಭ ಎಂಬ ಭ್ರಮೆಯೂ ಬೇಡ. ಜಾವಾದ ಲೈಬ್ರರಿಯಲ್ಲೇ ಇರುವ, ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷ ಒಂದು ಬಗ್ ಅಡಗಿತ್ತು, ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದರು. ಕೆಳಗಿನ ಮತ್ತು ಮೇಲಿನ ಇಂಡೆಕ್ಸ್ ಕೂಡಿಸಿ ಎರಡರಿಂದ ಭಾಗಿಸುವ ಸಾಲು ಅದು. ಅರೇ ತೀರಾ ದೊಡ್ಡದಿದ್ದರೆ ಆ ಮೊತ್ತ ಇಂಟಿಜರ್‌ನ ಮಿತಿಯಾದ ಸುಮಾರು 214 ಕೋಟಿಯನ್ನು ದಾಟಿ ಋಣ ಸಂಖ್ಯೆಯಾಗಿಬಿಡುತ್ತದೆ. ಮೇಲಿನದರಿಂದ ಕೆಳಗಿನದನ್ನು ಕಳೆದು, ಅರ್ಧ ಮಾಡಿ, ಕೆಳಗಿನದಕ್ಕೆ ಸೇರಿಸಿದರೆ ಸರಿಹೋಗುತ್ತದೆ. ಇಂಥ ಒಂದು ಸಾಲಿನ ಹಿಂದಿನ ಕಾರಣವನ್ನು ತಾನಾಗಿ ಹೇಳುವ ಅಭ್ಯರ್ಥಿ, ಬಾಯಿಪಾಠ ಮಾಡಿದ ಐವತ್ತು ಕಠಿಣ ಉತ್ತರದವರಿಗಿಂತ ನನಗೆ ಇಷ್ಟ.

ಈಗ ಸಪೋರ್ಟ್ ಕೆಲಸಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಬೇಸರ ತಂದದ್ದು ಇದೇ. "ಏನು ಕೆಲಸ ಮಾಡುತ್ತೀರಿ?" ಎಂದರೆ, "ಪ್ರೊಡಕ್ಷನ್ ಸಪೋರ್ಟ್ ಸರ್, ಟಿಕೆಟ್ (ದೂರು) ಬಂದರೆ ನೋಡಿ ಎಸ್‌ಎಲ್‌ಎ (ಒಪ್ಪಿಕೊಂಡ ಗಡುವು) ಒಳಗೆ ಕ್ಲೋಸ್ ಮಾಡುತ್ತೇವೆ" ಎಂದು ಉತ್ತರಿಸುತ್ತೀರಿ ಎಂದು ನಾನು ಊಹಿಸಬಲ್ಲೆ. ಅದರ ಮೇಲೆ ಕೇಳಲು ನನಗೆ ಏನೂ ಉಳಿಯುವುದಿಲ್ಲ, ಹಾಗಾಗಿ ಟ್ರೀಗೆ ಹೋಗುತ್ತೇನೆ. ಆಸಕ್ತಿ ಹೋಯಿತೆಂದು ನಿಮಗೆ ಅನ್ನಿಸುವುದು ಆಗ.

ಅದೇ ಕೆಲಸವನ್ನು ಹೀಗೆ ಹೇಳಿ ನೋಡಿ. ತಿಂಗಳ ಕೊನೆಯ ಸ್ಟೇಟ್‌ಮೆಂಟ್‌ಗಳನ್ನು ಒಟ್ಟಿಗೆ ತಯಾರಿಸುವ ಬ್ಯಾಚ್ ಬೆಳಿಗ್ಗೆ ಆರರೊಳಗೆ ಮುಗಿಯಬೇಕು, ಕೆಲವು ತಿಂಗಳಿಂದ ಹತ್ತಾದರೂ ಮುಗಿಯುತ್ತಿರಲಿಲ್ಲ. ಮೊದಲು ಸರ್ವರ್‌ನ ಮೆಮೊರಿ ಮೇಲೆ ಅನುಮಾನ ಬಂತು. ಜಾವಾ ಬಳಸದ ಮೆಮೊರಿಯನ್ನು ತೆರವು ಮಾಡಿದ್ದರ ದಾಖಲೆಯಾದ ಜಿಸಿ ಲಾಗ್ ನೋಡಿದರೆ ಅಲ್ಲಿ ಏನೂ ಇಲ್ಲ. ನಿಮಿಷದ ಅಂತರದಲ್ಲಿ ಮೂರು ಥ್ರೆಡ್ ಡಂಪ್ (ಪ್ರೋಗ್ರಾಂನ ಪ್ರತಿ ಎಳೆ ಆ ಕ್ಷಣ ಎಲ್ಲಿದೆ ಎಂಬ ಚಿತ್ರ) ತೆಗೆದಾಗ ಮೂರರಲ್ಲೂ ಥ್ರೆಡ್‌ಗಳು ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಿದ್ದವು. ಅವು ಕಾಯುತ್ತಿದ್ದ ಕ್ವೆರಿಯನ್ನು ಡೇಟಾಬೇಸ್ ಹೇಗೆ ನಡೆಸುತ್ತದೆ ಎಂದು ತೋರಿಸುವ ಎಕ್ಸಿಕ್ಯೂಷನ್ ಪ್ಲ್ಯಾನ್ ತೆಗೆದರೆ ಇಡೀ ಟೇಬಲ್ ಓದುತ್ತಿದೆ. ದಿನಾಂಕದ ಕಾಲಂಗೆ ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಇತ್ತು, ಆದರೆ ಕ್ವೆರಿಯಲ್ಲಿ ಆ ಕಾಲಂ ಮೇಲೆ ಗಂಟೆ, ನಿಮಿಷ ತೆಗೆದುಹಾಕುವ ಫಂಕ್ಷನ್ ಹಾಕಿದ್ದರಿಂದ ಇಂಡೆಕ್ಸ್ ಬಳಕೆಯಾಗುತ್ತಿರಲಿಲ್ಲ. ಟೇಬಲ್ ಚಿಕ್ಕದಿದ್ದಾಗ ಯಾರಿಗೂ ಗೊತ್ತಾಗಿರಲಿಲ್ಲ. ಫಂಕ್ಷನ್ ತೆಗೆದು, ಈ ದಿನದ ಶುರುವಿನಿಂದ ಮರುದಿನದ ಶುರುವಿಗಿಂತ ಮುಂಚೆ ಎಂದು ಶರತ್ತನ್ನು ಬದಲಾಯಿಸಿದೆವು.

ಇಷ್ಟು ಕೇಳಿದರೆ ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತೇನೆ. ಮೂರು ಡಂಪ್ ಯಾಕೆ, ಒಂದು ಸಾಲದೇ? ಒಂದು ಡಂಪ್ ಆ ಕ್ಷಣದ್ದು ಮಾತ್ರ, ಅದೇ ಜಾಗದಲ್ಲಿ ನಿಂತಿದೆಯೇ ಎಂದು ತಿಳಿಯಲು ಮೂರು. ಫಂಕ್ಷನ್ ಮೇಲೆಯೇ ಇನ್ನೊಂದು ಇಂಡೆಕ್ಸ್ ಮಾಡಬಹುದಿತ್ತಲ್ಲ? ಮಾಡಬಹುದಿತ್ತು, ಆದರೆ ಹಗಲು ಆ ಟೇಬಲ್‌ಗೆ ಬರಹ ಜಾಸ್ತಿ, ಇನ್ನೊಂದು ಇಂಡೆಕ್ಸ್ ಎಂದರೆ ಪ್ರತಿ ಬರಹಕ್ಕೂ ಹೊರೆ. ಪ್ರೊಡಕ್ಷನ್‌ಗೆ ಹಾಕುವ ಮುಂಚೆ ಹೇಗೆ ಖಚಿತ ಮಾಡಿಕೊಂಡಿರಿ? ಹೀಗೆ ಅರ್ಧ ಗಂಟೆ ಹೋಗುತ್ತದೆ. ಇದನ್ನು ಯಾರೂ ಯಾವ ವೆಬ್‌ಸೈಟ್‌ನಿಂದಲೂ ಬಾಯಿಪಾಠ ಮಾಡಿ ಹೇಳಲಾರರು. ಕೆಲಸಕ್ಕೆ ಸೇರಿದ ಮೇಲೆ ನೀವು ಹೇಗೆ ಯೋಚಿಸುತ್ತೀರಿ ಎಂಬುದು ಟ್ರೀಗಿಂತ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ವಾರಾಂತ್ಯ ಕೂತು ಹಳೆಯ ಟಿಕೆಟ್‌ಗಳನ್ನು ತೆರೆಯಿರಿ. ನಿಮ್ಮನ್ನು ಸುಲಭಕ್ಕೆ ಬಿಡದ ನಾಲ್ಕು ಘಟನೆ ಆರಿಸಿಕೊಳ್ಳಿ. ಮೊದಲು ಏನು ಕಾಣಿಸಿತು, ಯಾವುದರ ಮೇಲೆ ಅನುಮಾನ ಬಂತು, ಅದು ಸುಳ್ಳೆಂದು ಹೇಗೆ ಗೊತ್ತಾಯಿತು, ಕೊನೆಗೆ ಎಲ್ಲಿ ಸಿಕ್ಕಿತು, ಸರಿಪಡಿಸಿದ ಮೇಲೆ ಎಷ್ಟು ಬದಲಾಯಿತು. ಒಂದೊಂದಕ್ಕೆ ಒಂದು ಪುಟ. ಕ್ಲೈಂಟ್ ಹೆಸರು, ಡೇಟಾ ಬರೆಯಬೇಡಿ, ಸಂದರ್ಶನದಲ್ಲೂ ಹೇಳಬೇಡಿ. ಹೇಳುವವರನ್ನು ನಂಬುವುದು ನಮಗೂ ಕಷ್ಟ. ಬರೆಯುವಾಗ "ಆ ಭಾಗ ಬೇರೆ ತಂಡ ನೋಡಿತು" ಎಂದು ಬಂದರೆ, ಆ ತಂಡದವರನ್ನು ಕೇಳಿ ತಿಳಿದುಕೊಳ್ಳಿ. ಕೆಲಸದ ಗೋಡೆ ಅಲ್ಲಿಗೆ ನಿಲ್ಲಬಹುದು, ನಿಮ್ಮ ತಿಳಿವಳಿಕೆ ನಿಲ್ಲಬೇಕಾಗಿಲ್ಲ. ನಾಲ್ಕು ಘಟನೆ ಸಿಗಲೇ ಇಲ್ಲವೆಂದರೆ, ಇನ್ನು ಮುಂದೆ ಮ್ಯಾನೇಜರ್ ಬಳಿ ಹೋಗಿ ಪದೇ ಪದೇ ಬರುವ ಟಿಕೆಟ್ ಒಂದಕ್ಕೆ ಶಾಶ್ವತ ಪರಿಹಾರ ಹುಡುಕುವ ಕೆಲಸವನ್ನು ಕೇಳಿ ತೆಗೆದುಕೊಳ್ಳಿ. ಅದನ್ನು ಬೇಡ ಎನ್ನುವ ಮ್ಯಾನೇಜರ್ ಅಪರೂಪ.

ನಾಲ್ಕು ವರ್ಷದ ಅನುಭವವೆಂದರೆ ದೊಡ್ಡ ಸಿಸ್ಟಂ ಒಂದನ್ನು ಹೇಗೆ ಕಟ್ಟುತ್ತೀರಿ ಎಂದು ಕೇಳುವ ಸಿಸ್ಟಂ ಡಿಸೈನ್ ಸುತ್ತೂ ಇರುತ್ತದೆ, ಅಲ್ಲಿಯೂ ನಿಮ್ಮ ಕೈ ಮೇಲು. ದೀಪಾವಳಿ ಹೊತ್ತಿಗೆ ಬೆಂಗಳೂರಿನಿಂದ ಹೊರಡುವ ಬಸ್ಸಿನ ಒಂದೇ ಸೀಟಿಗೆ ಇಬ್ಬರು ಒಂದೇ ಕ್ಷಣಕ್ಕೆ ಬುಕ್ ಒತ್ತಿದರೆ ಏನಾಗಬೇಕು ಎಂದು ಕೇಳಿದರೆ, ಬಹಳಷ್ಟು ಜನ ಕಾಫ್ಕಾ, ರೆಡಿಸ್, ಮೈಕ್ರೋಸರ್ವಿಸ್ ಎಂದು ಹೆಸರುಗಳ ಪೆಟ್ಟಿಗೆ ಬಿಡಿಸುತ್ತಾ ಹೋಗುತ್ತಾರೆ. ನೀವು ಟೇಬಲ್‌ನಿಂದ ಶುರು ಮಾಡಿ. ಆ ದಿನದ ಆ ಬಸ್ಸು, ಆ ಸೀಟು, ಎರಡೂ ಸೇರಿ ಯೂನಿಕ್ ಆಗಿದ್ದರೆ ಎರಡನೆಯ ಬರಹವನ್ನು ಡೇಟಾಬೇಸ್ ತಾನೇ ತಡೆಯುತ್ತದೆ. ಹಣ ಕಟ್ಟುವವರೆಗೆ ಸೀಟನ್ನು ಹತ್ತು ನಿಮಿಷ ಹಿಡಿದಿಡಬೇಕು. ಹತ್ತು ನಿಮಿಷ ಮುಗಿದು ಸೀಟು ಬೇರೆಯವರಿಗೆ ಹೋದ ಮೇಲೆ ಮೊದಲಿನವರ ಯುಪಿಐ ಹಣ ಬಂದುಬಿಟ್ಟರೆ? ಪೇಮೆಂಟ್ ಗೇಟ್‌ವೇ ಒಂದೇ ಸಂದೇಶವನ್ನು ಎರಡು ಸಲ ಕಳಿಸಿದರೆ ಎರಡು ಟಿಕೆಟ್ ಆಗಬಾರದು. ಪ್ರತಿ ಪಾವತಿಗೂ ಒಂದು ಗುರುತು ಕೊಟ್ಟು, ಅದೇ ಗುರುತು ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡಬೇಕು. ಹಣ ಬಂದು ಸೀಟು ಇಲ್ಲದವರ ರೀಫಂಡ್ ತಾನಾಗಿ ಹೋಗಬೇಕು, ಹೋಗದೆ ಉಳಿದದ್ದನ್ನು ರಾತ್ರಿ ಒಂದು ಜಾಬ್ ತಾಳೆ ನೋಡಬೇಕು. ಎಲ್ಲಿ ಮುರಿಯುತ್ತದೆ ಎಂಬುದನ್ನು ದಿನವೂ ನೋಡಿದವರಿಗೆ ಈ ಪ್ರಶ್ನೆಗಳು ತಾವಾಗಿ ಹೊಳೆಯುತ್ತವೆ.

ರೆಸ್ಯೂಮೆಯಲ್ಲಿ ಡೆವಲಪ್‌ಮೆಂಟ್ ಎಂದು ಬರೆಯುವ ಸಲಹೆ ಬೇಡವೇ ಬೇಡ. ಇದು ನೀತಿಯ ಮಾತು ಹೌದು, ಲೆಕ್ಕಾಚಾರದ ಮಾತೂ ಹೌದು. ಮಾಡದ ಕೆಲಸ ಬರೆದರೆ ಎರಡನೆಯ ಉಪಪ್ರಶ್ನೆಗೇ ಸಿಕ್ಕಿಬೀಳುತ್ತೀರಿ, ಸಿಕ್ಕಿಬೀಳುತ್ತೇನೆಂಬ ಭಯದಲ್ಲೇ ತಲೆ ಇನ್ನಷ್ಟು ಖಾಲಿಯಾಗುತ್ತದೆ. ಅನುಭವದ ಸರ್ಟಿಫಿಕೇಟ್ ಮಾರುವವರ ಕಡೆಗಂತೂ ತಿರುಗಿಯೂ ನೋಡಬೇಡಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಪಿಎಫ್ ಖಾತೆಯ ಸರ್ವಿಸ್ ಹಿಸ್ಟರಿಯನ್ನೇ ತೆಗೆದು ನೋಡುತ್ತಾರೆ, ಸೇರಿದ ಮೇಲೂ ಕೆಲಸ ಹೋಗುತ್ತದೆ. ಬದಲಿಗೆ ನಿಜವನ್ನೇ ಬಿಡಿಸಿ ಬರೆಯಿರಿ: ಯಾವ ಕ್ವೆರಿ ವೇಗವಾಯಿತು, ಯಾವ ಜಾವಾ ಕ್ಲಾಸಿನ ಬಗ್ ಸರಿಪಡಿಸಿದಿರಿ, ಕೈಯಲ್ಲಿ ಮಾಡುತ್ತಿದ್ದ ಯಾವ ಕೆಲಸಕ್ಕೆ ಸ್ಕ್ರಿಪ್ಟ್ ಬರೆದಿರಿ. ಆನ್‌ಲೈನ್ ಸಂದರ್ಶನದಲ್ಲಿ ಇನ್ನೊಂದು ಪರದೆಯಲ್ಲಿ ಎಐ ಇಟ್ಟುಕೊಂಡು ಓದುವುದೂ ಇದೇ ಜಾತಿ. ಉತ್ತರ ಓದುವವರ ಕಣ್ಣಿನ ಓಟ ಎದುರಿನವರಿಗೆ ಕಾಣುತ್ತದೆ. ಇದರಿಂದಲೇ ಕಂಪನಿಗಳು ಮುಖಾಮುಖಿ ಸುತ್ತಿಗೆ ಮರಳುತ್ತಿವೆ; ಕನಿಷ್ಠ ಒಂದು ಸುತ್ತಾದರೂ ಎದುರುಬದುರು ಇರಲಿ ಎಂದು 2025ರಲ್ಲಿ ಗೂಗಲ್‌ನ ಸುಂದರ್ ಪಿಚೈ ಅವರೂ ಹೇಳಿದ್ದರು. ಎಐ ಬಳಸಲು ಬಿಡುವ ಸುತ್ತುಗಳೂ ಕೆಲವು ಕಡೆ ಇವೆ, ಅನುಮಾನವಿದ್ದರೆ ಮೊದಲೇ ಕೇಳಿ.

ಕೊನೆಯದಾಗಿ, ಎಲ್ಲಿಗೆ ಅರ್ಜಿ ಹಾಕುತ್ತಿದ್ದೀರಿ ಎಂಬುದನ್ನೂ ನೋಡಿ. ಪ್ರಾಡಕ್ಟ್ ಕಂಪನಿ ಎಂದರೆ ನಾಲ್ಕೈದು ದೊಡ್ಡ ಹೆಸರು ಮಾತ್ರವಲ್ಲ. ದೊಡ್ಡ ಬ್ಯಾಂಕುಗಳ, ಚಿಲ್ಲರೆ ಮಾರಾಟ ಕಂಪನಿಗಳ ತಂತ್ರಜ್ಞಾನ ಕೇಂದ್ರಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ, ಅವುಗಳಲ್ಲಿ ಜಾವಾ ಮತ್ತು ಒರಾಕಲ್ ಇನ್ನೂ ದಿನದ ಊಟ. ಅಲ್ಲದೆ ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಎಂಜಿನಿಯರ್) ಎಂಬ ಹುದ್ದೆಯೇ ಇದೆ. ಗೂಗಲ್‌ನಲ್ಲಿ 2003ರಲ್ಲಿ ಬೆನ್ ಟ್ರೇನರ್ ಸ್ಲಾಸ್ ಶುರು ಮಾಡಿದ ಈ ಪದ್ಧತಿಯ ತಿರುಳು, ಸಿಸ್ಟಂ ಬೀಳದಂತೆ ನೋಡಿಕೊಳ್ಳುವ ಕೆಲಸವನ್ನು ಕೋಡ್ ಬರೆದು ಮಾಡಬೇಕು ಎಂಬುದು. ಲಿನಕ್ಸ್, ಒಂದು ಸ್ಕ್ರಿಪ್ಟಿಂಗ್ ಭಾಷೆ, ಮಾನಿಟರಿಂಗ್ ಮತ್ತು ಮೇಲೆ ಹೇಳಿದ ಮೂಲಪಾಠ ಇಷ್ಟನ್ನು ಗಟ್ಟಿ ಮಾಡಿಕೊಂಡರೆ, ಸಂದರ್ಶಕರು ಆ ಕೋಣೆಯಲ್ಲಿ ಮೊದಲು ಕೇಳುವುದೇ ನಿಮ್ಮ ಪ್ರೊಡಕ್ಷನ್ ಅನುಭವವನ್ನು. ನಿಮ್ಮ ನೋಟಿಸ್ ಅವಧಿ 90 ದಿನ ಇದ್ದರೆ ಅದನ್ನು ಮೊದಲ ಫೋನ್ ಕರೆಯಲ್ಲೇ ಎಚ್‌ಆರ್‌ಗೆ ತಿಳಿಸಿ. ಬೈಔಟ್ (ಉಳಿದ ನೋಟಿಸ್ ದಿನಗಳ ಬದಲು ಕಟ್ಟಬೇಕಾದ ಹಣ) ಕೊಡುತ್ತಾರೆಯೇ ಎಂಬುದನ್ನು ಆಫರ್ ಬಂದ ಮೇಲೆ ಕೇಳಿದರೂ ಆದೀತು.